ದೊಡ್ಡ ಬ್ಯಾಟರಿ, ಚಿಕ್ಕ ಬ್ಯಾಟರಿ

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗೊ ರಸ್ತೆಲಿ ಹಸಿರು ನಂಬರ್ ಪ್ಲೇಟಿನ ಗಾಡಿಗಳು ಈಗ ದಿನಾ ಓಡಾಡ್ತವ. ಊಟಿಗ ಹೋಗೋರು, ಸಫಾರಿಗ ಬರೋರು, ನಮ್ಮೂರಲ್ಲೇ ಕೊಂಡೋರೂ ಇದ್ದಾರ. ಈ ಗಾಡಿ ಬಗ್ಗೆ ಯಾರನ್ನ ಕೇಳಿದ್ರೂ ಮೊದ್ಲು ಬರೋ ಮಾತು ದೊಡ್ಡ ಬ್ಯಾಟರಿದು. ಎಷ್ಟು ದೂರ ಓಡ್ತದ, ಎಷ್ಟು ಹೊತ್ತಲ್ಲಿ ತುಂಬ್ತದ, ಕೆಟ್ಟರ ಎಷ್ಟು ಲಕ್ಷ ಅಂತ. ಅದರೊಳಗೇ ಇನ್ನೊಂದು ಚಿಕ್ಕ ಬ್ಯಾಟರಿ ಅದ ಕಣ್ರವ್ವ. ಅದರ ಹೆಸರು ಯಾರ ಬಾಯಲ್ಲೂ ಬರಲ್ಲ. ಗಾಡಿ ನಿಂತು ಕೈಕೊಟ್ಟ ದಿನ ಮಾತ್ರ ಬತ್ತದ.

ಆ ಚಿಕ್ಕ ಬ್ಯಾಟರಿಗೂ ಒಂದು ಕಥೆ ಅದ, ನೂರು ವರ್ಷಕ್ಕೂ ಹಳೇದು. ಅದನ್ನ ತಿಳ್ಕೊಂಡ್ರ ಗಾಡಿ ಕೊಡೋ ಎಚ್ಚರಿಕೆ ಏನು ಹೇಳ್ತಾ ಅದ ಅನ್ನೋದೂ ತಿಳೀತದ. ಅದಕ್ಕೇ ಇವತ್ತು ಇದನ್ನ ಬರೀತಾ ಇದೀನಿ.

ಮೊದ್ಲು ಸೀಸದ ಬ್ಯಾಟರಿ ಹೆಂಗ ಹುಟ್ತು ನೋಡಮ. 1859ರಲ್ಲಿ ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಅನ್ನೋರು ಸೀಸದ ಎರಡು ಹಾಳೆನ ಗಂಧಕಾಮ್ಲದಲ್ಲಿ ಅದ್ದಿ, ಕರೆಂಟು ತುಂಬಿ ಇಟ್ಟು ಮತ್ತೆ ತೆಗೆಯೋ ದಾರಿ ಕಂಡುಹಿಡಿದರು. ನಮ್ಮ ಮನೇಲಿ ಕರೆಂಟು ಹೋದಾಗ ಬಲ್ಬು ಉರ್ಸೊ ಯುಪಿಎಸ್ ಬ್ಯಾಟರಿ ಅದಲ್ಲ, ಬ್ಯಾಟರಿ ನೀರು ಹಾಕಿ ಸಾಕೊಂಡು ಬತ್ತೀವಲ್ಲ, ಅದು ಇವತ್ತಿಗೂ ಅದೇ ವಂಶದ್ದು. ಟ್ರಾಕ್ಟರಿನ ಬ್ಯಾಟರಿನೂ ಅದೇ.

ಇನ್ನೊಂದು ಸಂಗತಿ ಕೇಳಿದ್ರ ನಿಮಗ ಆಶ್ಚರ್ಯ ಆಗ್ಬೋದು. ಕರೆಂಟು ಕಾರು ಹೊಸದಲ್ಲ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಕಾರುಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬ್ಯಾಟರಿ ಮೇಲೆ ಓಡೋವೇ ಆಗಿದ್ದವು. ಹಬೆ ಗಾಡಿ ಇನ್ನೂ ವಸಿ ಜಾಸ್ತಿ, ಪೆಟ್ರೋಲ್ ಗಾಡಿ ಎಲ್ಲಕ್ಕಿಂತ ಕಡಿಮೆ. ನಮ್ಮ ಜಿಲ್ಲೆ ಅಂಚಲ್ಲೇ ಇರೋ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗ ಕರೆಂಟು ಹೋದದ್ದು 1902ರಲ್ಲಿ. ಹೆಚ್ಚೂ ಕಡಿಮೆ ಅದೇ ಕಾಲ.

ಆಗ ಪೆಟ್ರೋಲ್ ಗಾಡಿ ಯಾಕ ಬ್ಯಾಡ ಅಂತಿದ್ರು? ಶಬ್ದ, ಹೊಗೆ, ವಾಸನೆ ಒಂದು ಕಡೆ. ಅದಕ್ಕಿಂತ ದೊಡ್ಡ ಕಷ್ಟ ಅದನ್ನ ಚಾಲೂ ಮಾಡೋದು. ಮುಂದುಗಡೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಗಿರ್ರನೆ ತಿರುಗಿಸಬೇಕಾಗಿತ್ತು. ನಮ್ಮ ಕಡೆ ಹಳೇ ಲಾರಿ, ಜೀಪು ಓಡ್ಸಿದ ಹಿರಿಯರಿಗ ಇದು ಗೊತ್ತು. ಎಂಜಿನ್ ಹಿಂದಕ್ಕ ಒದ್ದರ ಹ್ಯಾಂಡಲ್ ವಾಪಸ್ ಹೊಡೆದು ಮಣಿಕಟ್ಟು ಮುರೀತಿತ್ತು, ಕೆಲವರ ದವಡೆಗೂ ಬೀಳ್ತಿತ್ತು. ಕರೆಂಟು ಕಾರಿಗ ಆ ತೊಂದರೆ ಇರಲಿಲ್ಲ. ಹತ್ತಿ ಕೂತು ಹಿಡಿ ತಳ್ಳಿದ್ರ ಹೊರಡ್ತಿತ್ತು. ಅದ್ಕೇ ಆ ಕಾಲದಲ್ಲಿ ಕರೆಂಟು ಕಾರನ್ನ ಹೆಂಗಸರ ಕಾರು ಅಂತ ಮಾರ್ತಿದ್ರು. ಪೆಟ್ರೋಲ್ ಕಾರು ಲಕ್ಷ ಲಕ್ಷ ಮಾಡಿ ಮಾರಿದ ಹೆನ್ರಿ ಫೋರ್ಡ್ ಇದ್ದಾರಲ್ಲ, ಅವರ ಹೆಂಡತಿ ಕ್ಲಾರಾ ಫೋರ್ಡ್ ತಾವು ಓಡಿಸ್ತಿದ್ದುದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಕಾರು! ಗಂಡ ಮಾಡಿದ ಅಡಿಗೆ ಬಿಟ್ಟು ಪಕ್ಕದ ಮನೆಯ ಸಾರು ಉಂಡಂಗ.

ಆದ್ರ ಅಷ್ಟು ಹೊತ್ತಿಗ ಕರೆಂಟು ಕಾರಿನ ಕಾಲ ಮುಗೀತಾ ಬಂದಿತ್ತು. ಮುಗ್ಸಿದ್ರಲ್ಲಿ ಒಂದು ದೊಡ್ಡ ಪಾಲು ಈ ಚಿಕ್ಕ ಬ್ಯಾಟರಿದೇ. ಚಾರ್ಲ್ಸ್ ಕೆಟರಿಂಗ್ ಅನ್ನೋ ಎಂಜಿನಿಯರ್ ಹ್ಯಾಂಡಲ್ ಬದಲು ಒಂದು ಮೋಟರು, ಅದಕ್ಕೆ ಶಕ್ತಿ ಕೊಡೋಕೆ ಒಂದು ಬ್ಯಾಟರಿ ಸೇರ್ಸಿ ಸೆಲ್ಫ್ ಸ್ಟಾರ್ಟರ್ ಮಾಡಿದರು. 1912ರ ಕ್ಯಾಡಿಲಾಕ್ ಕಾರಲ್ಲಿ ಅದು ಬಂತು. ಗುಂಡಿ ಒತ್ತಿದ್ರ ಎಂಜಿನ್ ಹತ್ಕೋತಿತ್ತು. ಹೆಂಗಸರೂ ಪೆಟ್ರೋಲ್ ಗಾಡಿ ಓಡಿಸಬಹುದು ಅಂತಾಯ್ತು. ಫೋರ್ಡ್ ಗಾಡಿ ಅಗ್ಗವಾಯ್ತು, ಪೆಟ್ರೋಲ್ ಎಲ್ಲ ಕಡೆ ಸಿಕ್ತು, ಊರಿಂದೂರಿಗ ರಸ್ತೆ ಆಯ್ತು. ಕರೆಂಟು ಕಾರು ಮೂಲೆ ಸೇರ್ತು.

ಆವತ್ತಿಂದ ಚಿಕ್ಕ ಬ್ಯಾಟರಿ ಪ್ರತಿಯೊಂದು ಕಾರಿನ ಮನೆಯಾಳಾಯ್ತು. ಮೊದ್ಲು ಬಹಳಷ್ಟು ಗಾಡಿಗಳಲ್ಲಿ 6 ವೋಲ್ಟ್ ಇತ್ತು. 1950ರ ದಶಕದಲ್ಲಿ ದೊಡ್ಡ ಎಂಜಿನ್ ಬಂದ ಮೇಲೆ 12 ವೋಲ್ಟ್ ಆಯ್ತು. ಅಲ್ಲಿಂದ ಇಲ್ಲಿಗಂಟ ಹಾರ್ನು, ವೈಪರ್, ದೀಪ, ರೇಡಿಯೊ, ಬಾಗಿಲ ಬೀಗ, ಆಮೇಲ ಬಂದ ಏರ್‌ಬ್ಯಾಗು, ಕಂಪ್ಯೂಟರು, ಎಲ್ಲಾನೂ 12 ವೋಲ್ಟಿಗೇ ಹೊಂದಿಸಿ ಮಾಡ್ತಾ ಬಂದರು.

ಈಗ ನಮ್ಮ ರಾಜ್ಯದ ಕಥೆಗ ಬರಮ. ಕರೆಂಟು ಕಾರು ಮತ್ತೆ ತಲೆ ಎತ್ತಿದ್ರಲ್ಲಿ ಕರ್ನಾಟಕದ ಪಾಲೂ ಅದ. ಬೆಂಗಳೂರಿನ ಚೇತನ್ ಮೈನಿ ಅಮೆರಿಕದಲ್ಲಿ ಓದ್ತಾ ಇದ್ದಾಗ ಬಿಸಿಲಿಂದ ಓಡೋ ಕಾರು ಕಟ್ಟಿದ ವಿದ್ಯಾರ್ಥಿಗಳ ಗುಂಪಲ್ಲಿ ಇದ್ದೋರು. 1994ರಲ್ಲಿ ಬೆಂಗಳೂರಲ್ಲಿ ರೇವಾ ಕಂಪನಿ ಹುಟ್ತು, 2001ರಲ್ಲಿ ರೇವಾ ಕಾರು ರಸ್ತೆಗ ಇಳೀತು. ಮುದ್ದೆ ತಟ್ಟೇಲಿ ಕೂತಂಗ ಪುಟಾಣಿ ಗಾಡಿ. ಅದೇ ಗಾಡಿ ಲಂಡನ್ನಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡ್ತು.

ರೇವಾ ಒಳಗಿದ್ದುದು ಎಂಟು ಸೀಸದ ಬ್ಯಾಟರಿ, ಒಂದೊಂದೂ 6 ವೋಲ್ಟು, ಒಟ್ಟು 48. ಮುಂದಿನ ಸೀಟಿನ ಕೆಳಗ ಜೋಡಿಸಿದ್ರು. ಅದಕ್ಕೂ ನೀರು ಹಾಕ್ಬೇಕಿತ್ತು, ನಮ್ಮ ಯುಪಿಎಸ್ ತರಾನೇ. ಒಂದು ಸಲ ತುಂಬಿದ್ರ ಸುಮಾರು 80 ಕಿಲೋಮೀಟರ್ ಅಂತಿದ್ರು. ಮೈಸೂರಿಂದ ಬಂಡೀಪುರಕ್ಕೂ ಸರಿಸುಮಾರು ಅಷ್ಟೇ. ಅಂದ್ರ ಮೈಸೂರಲ್ಲಿ ಹೊರಟ ರೇವಾ ನಮ್ಮ ಕಾಡಿನ ಬಾಗಲಿಗ ಬಂದು ಉಸ್ ಅಂತ ಕೂತ್ಕೋಬೇಕಾಗಿತ್ತು. ನಮ್ಮ ಕಡೆಗ ಅದು ಬರಲಿಲ್ಲ, ಹೆಚ್ಚಾಗಿ ಬೆಂಗಳೂರಲ್ಲೇ ಓಡ್ತು. 2010ರಲ್ಲಿ ಮಹೀಂದ್ರ ಕಂಪನಿ ರೇವಾನ ಕೊಂಡು, 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಿಡ್ತು. 2020ರ ಜನವರಿಲಿ ಟಾಟಾದ ನೆಕ್ಸಾನ್ ಕರೆಂಟು ಗಾಡಿ ಬಂದ ಮೇಲೆ ಸಣ್ಣ ಊರಿನೋರೂ ಕೊಳ್ಳೋಕ ಶುರು ಮಾಡಿದ್ರು.

ಹೊಸ ಗಾಡಿಗಳ ದೊಡ್ಡ ಬ್ಯಾಟರಿ 300, 400 ವೋಲ್ಟಿನದು. ಅಷ್ಟು ಶಕ್ತಿ ಇರೋವಾಗ ಇನ್ನೊಂದು 12 ವೋಲ್ಟ್ ಯಾಕ? ನಮ್ಮ ಮನೆಯೋರೂ ಇದನ್ನೇ ಕೇಳಿದ್ರು. ಉತ್ತರ ಹೊಲದಲ್ಲೇ ಅದ. ಬೋರ್‌ವೆಲ್ ಸ್ಟಾರ್ಟರ್ ಡಬ್ಬ ನೋಡಿದೀರಲ್ಲ. ಹಸಿರು ಗುಂಡಿ ಒತ್ತಿದ್ರ ಒಳಗ ಟಕ್ ಅಂತದ, ಆಮೇಲ ಮೋಟರಿಗ ಕರೆಂಟು ಹರೀತದ. ಕರೆಂಟು ಕಾರಲ್ಲೂ ದೊಡ್ಡ ಬ್ಯಾಟರಿ ಮುಂದ ಅಂಥದೇ ಕಾಂಟ್ಯಾಕ್ಟರ್ ಅದ. ಗಾಡಿ ನಿಲ್ಸಿ ಬೀಗ ಹಾಕಿದಾಗ ಅದು ಬಿಟ್ಕೋತದ. 300, 400 ವೋಲ್ಟು ಪೆಟ್ಟಿಗೆ ಒಳಗೇ ಬಂದಿಯಾಗಿರ್ತದ, ಆಚೆ ತಂತಿಗ ಬರಲ್ಲ. ಅಪಘಾತ ಆದಾಗಲೂ ಹಂಗೇ ಬಿಟ್ಕೋಬೇಕು, ಇಲ್ಲಾಂದ್ರ ಎತ್ತೋಕೆ ಹೋದೋರಿಗೂ ಅಪಾಯ.

ಮತ್ತೆ ಆ ಬೀಗ ತೆಗೆಯೋರು ಯಾರು? ಚಿಕ್ಕ ಬ್ಯಾಟರಿ. ಕಂಪ್ಯೂಟರನ್ನ ಎಬ್ಬಿಸಿ, ಎಲ್ಲ ಸರಿ ಅದ ಅಂತ ನೋಡಿ, ಟಕ್ ಅಂತ ಕಾಂಟ್ಯಾಕ್ಟರ್ ಕೂರಿಸೋದು ಅದೇ. ಆಮೇಲ ದೊಡ್ಡದು ಡಿಸಿ-ಡಿಸಿ ಕನ್ವರ್ಟರ್ ಅನ್ನೋ ಯಂತ್ರದ ಮೂಲಕ ಚಿಕ್ಕದಕ್ಕ ಊಟ ಹಾಕ್ತದ. ಕಣಜ ಯಜಮಾನಂದು, ಕೀಲಿಕೈ ಮಾತ್ರ ಸೊಸೆ ಸೆರಗಲ್ಲಿ. ಸೊಸೆ ಹಾಸಿಗೆ ಹಿಡಿದ್ರ ಕಣಜದಲ್ಲಿ ರಾಗಿ ಇದ್ದೂ ಮನೆಯೋರಿಗ ಉಪವಾಸ.

ನೂರು ವರ್ಷದ ಹಿಂದೆ ಕರೆಂಟು ಕಾರನ್ನ ಹೊರಗ ಹಾಕಿದ ಬ್ಯಾಟರಿನೇ ಇವತ್ತು ಅದೇ ಕಾರಿನ ಕೀಲಿಕೈ ಇಟ್ಕೊಂಡಿರೋದು. ಇದು ನಂಗ ಬಲು ಸೋಜಿಗ.

ನಮ್ಮ ಮನೇಲಿ ಇದು ಬರೀ ಕಥೆ ಆಗಿ ಉಳೀಲಿಲ್ಲ. ನಮ್ಮ ಯಜಮಾನ್ರಿಗ ತಿಂಗಳಿಗ ಎರಡು ಸಲ ಮೈಸೂರಿನ ಆಸ್ಪತ್ರೆಗ ಹೋಗ್ಬೇಕು. ಮೂತ್ರಪಿಂಡದ ತೊಂದರೆ, ಬಸ್ಸಲ್ಲಿ ಕೂತು ಬರೋದು ಕಷ್ಟ. ಅದ್ಕೇ ಮಗ ಕರೆಂಟು ಗಾಡಿ ಕೊಂಡದ್ದು. ಹೋದ ವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಐದೂವರೆಗ ಗುಂಡಿ ಒತ್ತಿದ್ರ ಪರದೆ ತುಂಬ ಕೆಂಪು, ಹಳದಿ ಚಿತ್ರಗಳು. ಬ್ರೇಕು ದೋಷ, ಸ್ಟೀರಿಂಗ್ ದೋಷ, ಏರ್‌ಬ್ಯಾಗ್ ದೋಷ, ವಿದ್ಯುತ್ ವ್ಯವಸ್ಥೆ ದೋಷ. ಹಿಂದಿನ ರಾತ್ರಿ ದೊಡ್ಡ ಬ್ಯಾಟರಿ ನೂರಕ್ಕ 78 ಅಂತ ತೋರ್ಸಿತ್ತು. ಸಹಾಯದ ನಂಬರಿಗ ಫೋನ್ ಮಾಡಿದ್ರ, ದೊಡ್ಡ ಬ್ಯಾಟರಿದೇ ಇರಬೇಕು, ನಾಳೆ ಎಳ್ಕೊಂಡು ಹೋಗ್ತೀವಿ ಅಂದ್ರು. ಯಜಮಾನ್ರು ಕೆಎಸ್ಆರ್‌ಟಿಸಿ ಬಸ್ಸಲ್ಲೇ ಹೋಗಿ ಬಂದ್ರು. ರಾತ್ರಿ ಕಾಲು ಊದಿ ಮಲಗಿದ್ದು ಈಗಲೂ ಕಣ್ಣ ಮುಂದ ಅದ.

ಹತ್ತು ಗಂಟೆ ಹೊತ್ತಿಗ ಟ್ರಾಕ್ಟರ್ ಬ್ಯಾಟರಿ ರಿಪೇರಿ ಮಾಡೋ ಹುಡುಗ ಬಂದ. ಮೀಟರ್ ಇಟ್ಟು ನೋಡಿ, "ಅಮ್ಮ, 11.3 ಅದ, ಇದು ಹೆಂಗ ಏಳ್ತದ" ಅಂದ. ಬೇರೆ ಬ್ಯಾಟರಿ ಜೋಡಿಸಿದ ಮೇಲೆ ಪರದೆ ಮೇಲಿದ್ದ ದೋಷವೆಲ್ಲ ಒಂದೊಂದಾಗಿ ಮಾಯ ಆದವು. ಮೂರೂವರೆ ವರ್ಷದ ಬ್ಯಾಟರಿ, ಅದರ ಆಯಸ್ಸು ಮುಗಿದಿತ್ತು ಅಷ್ಟೇ.

ಅಷ್ಟೊಂದು ದೋಷ ಒಟ್ಟಿಗ ಯಾಕ ತೋರ್ಸ್ತು? ಗಾಡಿ ಒಳಗ ಇರೋದು ಒಂದು ಕಂಪ್ಯೂಟರಲ್ಲ. ಬ್ರೇಕಿಗೊಂದು, ಸ್ಟೀರಿಂಗಿಗೊಂದು, ಏರ್‌ಬ್ಯಾಗಿಗೊಂದು ಅಂತ ಹತ್ತಾರು ಇರ್ತವ, ಎಲ್ಲಾ ಒಂದರ ಜೊತೆ ಒಂದು ಮಾತಾಡ್ತಾ ಇರ್ತವ. ವೋಲ್ಟು ಇಳಿದಾಗ ಕೆಲವು ಮೂರ್ಛೆ ಹೋಯ್ತವ, ಕೆಲವು ಅರ್ಧ ನಿದ್ದೆಲಿ ಇರ್ತವ. ಎಚ್ಚರ ಇರೋ ಒಂದೊಂದೂ "ಪಕ್ಕದೋನು ಉತ್ತರ ಕೊಡ್ತಿಲ್ಲ" ಅಂತ ದೂರು ಕೊಡ್ತದ. ಹಬ್ಬದ ಮನೇಲಿ ಒಲೆ ಆರಿದ್ರ ಒಬ್ಳು ಅನ್ನ ಆಗ್ಲಿಲ್ಲ ಅಂತಾಳ, ಇನ್ನೊಬ್ಳು ಸಾರು ಕುದೀಲಿಲ್ಲ ಅಂತಾಳ, ಮತ್ತೊಬ್ಳು ಪಾಯಸ ಕೆಟ್ತು ಅಂತಾಳ. ಕೆಟ್ಟಿರೋದು ಒಲೆ ಒಂದೇ.

ಅದ್ಕೇ ಒಂದು ಮಾತು ನೆನಪಿಟ್ಕಳಿ. ನಿಂತಿದ್ದ ಗಾಡಿ ಚಾಲೂ ಮಾಡೋವಾಗ ಸಂಬಂಧ ಇಲ್ಲದ ನಾಲ್ಕಾರು ದೋಷ ಒಟ್ಟಿಗ ಕೂಗಿದ್ರ ಮೊದ್ಲು ಚಿಕ್ಕ ಬ್ಯಾಟರಿ ನೋಡ್ಸಿ. ಒಂದೇ ದೋಷ ಬಂದು, ಮತ್ತೆ ಮತ್ತೆ ಅದೇ ಬಂದ್ರ ಅದನ್ನೇ ನಂಬಿ. ದೊಡ್ಡ ಬ್ಯಾಟರಿ ಬಿಸಿಯಾಗಿದೆ, ಕರೆಂಟು ಸೋರ್ತಿದೆ ಅಂತ ಕೆಂಪಲ್ಲಿ ಬಂದ್ರ ಚಿಕ್ಕದರ ಮೇಲೆ ಹಾಕಿ ಕೂರಬ್ಯಾಡಿ. ಗಾಡಿ ನಿಲ್ಸಿ, ಇಳಿದು, ದೂರ ನಿಂತು ಫೋನ್ ಮಾಡಿ.

ಹಳೇ ಪೆಟ್ರೋಲ್ ಗಾಡಿ ಒಂದು ಉಪಕಾರ ಮಾಡ್ತಿತ್ತು. ಬ್ಯಾಟರಿ ಸೋಲ್ತಾ ಬಂದಂಗೆಲ್ಲ ಸೆಲ್ಫು ಗ... ರ್... ರ್ ಅಂತ ಎಳೀತಿತ್ತು. ವಾರ ಮುಂಚೇನೇ ತಿಳೀತಿತ್ತು. ಕರೆಂಟು ಗಾಡಿಲಿ ಎಂಜಿನ್ ತಿರುಗಿಸೋ ಭಾರದ ಕೆಲಸ ಚಿಕ್ಕ ಬ್ಯಾಟರಿಗಿಲ್ಲ. ಬರೀ ಬೀಗ ತೆಗೆಯೋ ಕೆಲಸ. ಸೋತಿದ್ರೂ ಹೇಳದೆ ನಡೆಸ್ತದ, ಒಂದು ದಿನ ಸುಮ್ನ ಮಲಗ್ಬಿಡ್ತದ. ಗಂಡಸರಿಗ ಕಾಣದಂಗ ಜ್ವರದಲ್ಲೇ ಅಡಿಗೆ ಮಾಡೋ ಹೆಂಗಸರು ನಮ್ಮಲ್ಲಿ ಇಲ್ಲವಾ, ಹಂಗೆ.

ಸೋಲೋದು ಯಾಕ ಅಂದ್ರ, ಗಾಡಿ ನಿಂತಿದ್ರೂ ಅದರ ಕೆಲಸ ನಿಲ್ಲಲ್ಲ. ಕಳ್ಳರ ಅಲಾರಂ, ಒಳಗಿನ ಸಿಮ್ಮು, ಫೋನಲ್ಲಿ ಗಳಿಗೆಗೊಂದ್ಸಲ ಚಾರ್ಜು ಎಷ್ಟದ ಅಂತ ನೋಡೋದು, ಎಲ್ಲಾ ಚಿಕ್ಕದನ್ನೇ ಹೀರ್ತವ. ಹೊರಡೋಕ ತಯಾರು ಅನ್ನೋ ಗುರುತು ಪರದೆಲಿ ಬಾರದೆ, ಬರೀ ಹಾಡು ಹಾಕ್ಕೊಂಡು ಕೂತ್ರ ಬಹಳ ಗಾಡಿಲಿ ದೊಡ್ಡದು ಊಟ ಹಾಕಲ್ಲ. ಕೆಲವು ಗಾಡಿ ನಿಂತಾಗಲೂ ತಾನೇ ಎದ್ದು ಚಿಕ್ಕದಕ್ಕ ತುಂಬ್ತದ, ಕೆಲವು ತುಂಬಲ್ಲ. ನಿಮ್ಮ ಗಾಡಿ ಪುಸ್ತಕದಲ್ಲಿ ಬರೆದಿರ್ತದ. ಬಿಸಿಲಿನ ಬೇಗೆ ಸೀಸದ ಬ್ಯಾಟರಿ ಆಯಸ್ಸು ತಿಂತದ. ಅರ್ಧ ಖಾಲಿಲೇ ಬಹಳ ದಿನ ಬಿಟ್ರ ಒಳಗಿನ ಫಲಕದ ಮೇಲೆ ಗಟ್ಟಿ ಪದರ ಕೂತು ಮತ್ತೆ ತುಂಬ್ಕೊಳ್ಳೋ ಗುಣ ಹೋಯ್ತದ. ಮೂರರಿಂದ ಐದು ವರ್ಷ ಬಂದ್ರ ಅದು ದುಡಿದಂಗೇ ಲೆಕ್ಕ.

ಅಳತೆ ನೋಡೋಕ ಕೆಲವು ನೂರು ರೂಪಾಯಿನ ಮೀಟರ್ ಸಾಕು. ಗಾಡಿ ಆರ್ಸಿ ನಾಲ್ಕಾರು ಗಂಟೆ ಬಿಟ್ಟು ನೋಡಿದಾಗ 12.6 ಹತ್ರ ಇದ್ರ ತುಂಬದ. 12.4 ಅಂದ್ರ ಮುಕ್ಕಾಲು. 12ಕ್ಕ ಬಂದ್ರ ಹೊಟ್ಟೆ ಖಾಲಿ ಅಂತ ತಿಳೀರಿ. ಗಾಡಿ ಹೊರಡೋಕ ತಯಾರಾದ ಮೇಲೆ ನೋಡಿದ್ರ ಸಾಮಾನ್ಯವಾಗಿ 13.5ರಿಂದ 14.5ರ ತನಕ ಬರ್ಬೇಕು. ಆಗಲೂ ಹನ್ನೆರಡರ ಮೇಲೆ ಏಳದಿದ್ರ ಬ್ಯಾಟರಿದಲ್ಲ, ಊಟ ಹಾಕೋ ಕನ್ವರ್ಟರಿಂದು ತೊಂದರೆ ಇರ್ಬೋದು. ಹೊಸ ಬ್ಯಾಟರಿ ಹಾಕಿದ್ರೂ ನಾಲ್ಕು ದಿನಕ್ಕ ಅದೂ ಸಾಯ್ತದ.

ಇದು ಸುಮ್ನ ಹೇಳೋ ಮಾತಲ್ಲ. 2024ರ ಜೂನಲ್ಲಿ ಹುಂಡೈ ಕಂಪನಿ ನಮ್ಮ ದೇಶದಲ್ಲೇ 1,744 ಅಯಾನಿಕ್ 5 ಗಾಡಿ ವಾಪಸ್ ಕರೆಸ್ತು. ಚಾರ್ಜಿಂಗ್ ನೋಡ್ಕೊಳ್ಳೋ ಭಾಗ ಕೆಟ್ಟರ 12 ವೋಲ್ಟ್ ಬ್ಯಾಟರಿ ಖಾಲಿ ಆಗ್ಬೋದು ಅನ್ನೋದೇ ಕಾರಣ. 2021ರಿಂದ ಟೆಸ್ಲಾ ಹೊಸ ಗಾಡಿಗಳಲ್ಲಿ ಸೀಸದ ಚಿಕ್ಕ ಬ್ಯಾಟರಿ ಬಿಟ್ಟು ಅಲ್ಲೂ ಲಿಥಿಯಂ ಹಾಕೋಕ ಶುರು ಮಾಡ್ತು. ದೊಡ್ಡ ದೊಡ್ಡ ಕಂಪನಿಗಳೂ ಈ ಚಿಕ್ಕದರ ಮುಂದೆ ತಲೆ ಕೆರ್ಕೊಂಡವ.

ಬ್ಯಾಟರಿ ಕಡ್ಡಿ ಮೇಲೆ ಬಿಳಿ, ಹಸಿರು ಬೂಷ್ಟು ಕೂತಿದ್ರ, ತಿರುಪು ಸಡಿಲ ಆಗಿದ್ರ ಅಷ್ಟಕ್ಕೂ ಇದೇ ರಂಪ ಆಯ್ತದ. ತಿಳಿದೋರಿಂದ ಬಿಚ್ಚಿಸಿ, ಸೋಡಾ ಪುಡಿ ಕದಡಿದ ನೀರಲ್ಲಿ ಉಜ್ಜಿಸಿ, ಒಣಗಿಸಿ ಬಿಗಿ ಮಾಡ್ಸಿ. ಬೇರೆ ಬ್ಯಾಟರಿಯಿಂದ ಎಬ್ಬಿಸೋದಾದ್ರ ಗಾಡಿ ಪುಸ್ತಕದಲ್ಲಿ ಹೇಳಿದ ಕ್ರಮದಲ್ಲೇ ಆಗ್ಲಿ, ಪ್ಲಸ್ಸು ಮೈನಸ್ಸು ತಪ್ಪಬಾರದು. ಕಿತ್ತಳೆ ಬಣ್ಣದ ತಂತಿ ಕಂಡ್ರ ಕೈ ಹಿಂದಕ್ಕ ತಗೊಳ್ಳಿ, ಅದು ದೊಡ್ಡ ಬ್ಯಾಟರಿದು. ಇನ್ನೊಂದು, ಚಿಕ್ಕದು ಪೂರ್ತಿ ಸತ್ತರ ರಿಮೋಟಲ್ಲಿ ಬಾಗಿಲೂ ತೆಗೆಯಲ್ಲ. ರಿಮೋಟಿನ ಹೊಟ್ಟೇಲಿ ಕಬ್ಬಿಣದ ಕೀ ಅಡಗಿರ್ತದ, ಅದು ಎಲ್ಲದ, ಬಾಗಿಲ ತೂತು ಎಲ್ಲದ ಅಂತ ಇವತ್ತೇ ನೋಡ್ಕಳಿ.

ನಮ್ಮ ಭಾಗಕ್ಕ ಇಷ್ಟು ಹೇಳೋಕ ಕಾರಣ ಅದ. 1931ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ವನ್ಯಧಾಮ ಅಂತ ಶುರುವಾಗಿ, 1973ರಲ್ಲಿ ಹುಲಿ ಯೋಜನೆಗ ಸೇರಿದ ಕಾಡು ಇದು. ಕಾಡೊಳಗ ಎರಡು ಹೆದ್ದಾರಿ ಹಾದು ಹೋಗ್ತವ, ಒಂದು ಊಟಿ ಕಡೆ, ಒಂದು ಸುಲ್ತಾನ್ ಬತ್ತೇರಿ ಕಡೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗೇಟು ಮುಚ್ತದ, ಆಂಬುಲೆನ್ಸು, ಕೆಲವು ಬಸ್ಸು ಬಿಟ್ರ ಬೇರೆ ಗಾಡಿ ಬಿಡಲ್ಲ. ಹಗಲಲ್ಲೂ ಕಾಡೊಳಗ ನಿಲ್ಸಂಗಿಲ್ಲ, ಇಳಿಯಂಗಿಲ್ಲ. ಎಂಟೂಮುಕ್ಕಾಲಿಗ ಗೇಟು ದಾಟೋ ಆತುರದಲ್ಲಿ ಕೆಂಪು ಬ್ಯಾಟರಿ ಚಿತ್ರ ಮಿನುಗಿದ್ರ ಬಹಳ ಜನ "ಚಾರ್ಜು ಬೇಕಾದಷ್ಟದ, ನಡಿ" ಅಂತ ನುಗ್ತಾರ. ಆ ಚಿತ್ರ ದೊಡ್ಡ ಬ್ಯಾಟರಿದಲ್ಲ ಕಣ್ರಪ್ಪ. ಚಿಕ್ಕದಕ್ಕ ಊಟ ಹೋಗ್ತಿಲ್ಲ ಅಂತ ಹೇಳೋದು. ಚಿಕ್ಕದರಲ್ಲಿ ಉಳಿದಿರೋಷ್ಟು ಹೊತ್ತು ಗಾಡಿ ಓಡ್ತದ, ಆಮೇಲ ಆನೆ ದಾಟೋ ಜಾಗದಲ್ಲೇ ನಿಂತ್ರೂ ನಿಂತದ. ಮೇಲುಕಾಮನಹಳ್ಳಿ ಗೇಟಿನ ಈಚೆ ನಿಲ್ಸಿ ಉಳ್ಕೊಳ್ಳಿ. ಒಳಗೇ ನಿಂತೋಯ್ತಾ, ಇಳಿದು ಬಾನೆಟ್ ಎತ್ತೋಕ ಹೋಗಬ್ಯಾಡಿ. ಬಾಗಿಲು ಹಾಕ್ಕೊಂಡು ಕೂತು 112ಕ್ಕ ಫೋನ್ ಮಾಡಿ. ಕಾಡಲ್ಲಿ ಎಲ್ಲ ಕಡೆ ಫೋನ್ ಸಿಗಲ್ಲ, ಸಿಗದಿದ್ರ ಹಾದು ಹೋಗೋ ಬಸ್ಸಿಗ ಕೈ ತೋರ್ಸಿ ಗೇಟಿಗ ಸುದ್ದಿ ಕಳ್ಸಿ.

ಹಂಗಳ, ಮಂಗಲ, ಕಣಿಯನಪುರದ ಕಡೆ ಕಾಡಂಚಲ್ಲಿ ಹೊಲ ಮಾಡೋರಿಗ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಸೋಲಾರ್ ಬೇಲಿ ತಂತಿಲಿ ಆನೆ ಹಿಂದಕ್ಕ ಹೆಜ್ಜೆ ಇಡೋಂಗೆ ಸಾವಿರಾರು ವೋಲ್ಟು ಹೊಡೀತದ, ಅದರ ಬುಡದಲ್ಲಿ ಇರೋದೂ ಒಂದು 12 ವೋಲ್ಟ್ ಬ್ಯಾಟರಿನೇ. ಅದು ಸೋತ ರಾತ್ರಿ ತಂತಿ ಬರೀ ತಂತಿ. ಬೆಳೆ ಕಾಯೋರು ಅದ್ಕೇ ಬೇಲಿ ಉದ್ದ ನೋಡೋಕ್ಕಿಂತ ಮುಂಚೆ ಬ್ಯಾಟರಿ ನೋಡ್ತಾರ.

ಗಾಡಿ ಇರೋ ಮನೆಯೋರು ಬ್ಯಾಟರಿ ಮೇಲೆ ಹಾಕಿದ ತಾರೀಖು ಬರೆದು ಅಂಟಿಸ್ಕಳಿ. ಮೂರು ವರ್ಷ ತುಂಬಿದ ಮೇಲೆ ತಿಂಗಳಿಗೊಂದ್ಸಲ ಅಳೆದು ನೋಡಿ, ಹತ್ತು ದಿನದ ಮೇಲೆ ಊರಿಗ ಹೋಗೋದಿದ್ರ ಪುಸ್ತಕದಲ್ಲಿ ಏನು ಹೇಳದ ಹಂಗೆ ಮಾಡಿ. ಲಕ್ಷಾಂತರ ರೂಪಾಯಿನ ದೊಡ್ಡ ಬ್ಯಾಟರಿಗ ಎಂಟು ವರ್ಷ ಗ್ಯಾರಂಟಿ ಕೊಡೋರು ಇದ್ದಾರ. ಕೆಲವು ಸಾವಿರದ ಚಿಕ್ಕದನ್ನ ನೋಡ್ಕೊಳ್ಳೋದು ಮಾತ್ರ ನಮ್ಮ ಪಾಲಿಂದು.